ದಿಂಬೋ, ಇಕ್ಕಳವೋ

ಸೆಪ್ಟೆಂಬರ್ ೨, ಸೋಮವಾರ

ಯಜಮಾನರು ಇವತ್ತು ಎರಡು ಹೆಡ್‌ಫೋನುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. “ಮನೆಗೆ ತಗೊಂಡು ಹೋಗಿ ಕಿವಿಯಮ್ಮಾ. ಹಾಕ್ಕೊಂಡು ಕೂತ್ಕೊಳ್ಳಿ, ಓಡಾಡಿ, ಬೇಕಾದ್ರೆ ಮಲ್ಕೊಳ್ಳಿ. ನೀವು ಯಾವುದಕ್ಕೆ ಹೂಂ ಅಂತೀರೋ ಅದನ್ನೇ ಎಲ್ಲರಿಗೂ ತರಿಸೋದು” ಎಂದರು.

ಕಿವಿಯಮ್ಮ ಎನ್ನುವುದು ಸ್ಟುಡಿಯೊದಲ್ಲಿ ನನಗಿರುವ ಹೆಸರು. ಎದುರಿಗೂ ಅದೇ, ಬೆನ್ನ ಹಿಂದೆಯೂ ಅದೇ. ಅಷ್ಟರ ಮಟ್ಟಿಗೆ ನಾನು ಅದೃಷ್ಟವಂತೆ. ನಮ್ಮದು ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಣ ಮಾಡುವ ಜಾಗ. ಓದುವವರು ಓದಿ ಕೈಬೀಸಿಕೊಂಡು ಹೋಗುತ್ತಾರೆ. ಅವರ ಕೆಮ್ಮು, ನುಂಗಿದ ಉಗುಳು, ಹಾಳೆ ಮಗುಚಿದ ಸದ್ದು, ಕುರ್ಚಿಯ ಕಿರಿಕಿರಿ ಎಲ್ಲವನ್ನೂ ಹೆಕ್ಕಿ ತೆಗೆಯುವವಳು ನಾನು. ನಾನು “ಆಯಿತು” ಅನ್ನದೆ ಒಂದು ಪುಸ್ತಕವೂ ಬಾಗಿಲು ದಾಟುವುದಿಲ್ಲ.

ನಮ್ಮ ಹಳೆಯ ಹೆಡ್‌ಫೋನುಗಳು ಮುಚ್ಚಿದ ಜಾತಿಯವು. ಕಿವಿಯ ಮೇಲೆ ಮುಚ್ಚಳ ಒತ್ತಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಕಿವಿ ಬೆಂದು ಇಳಿಸಲು ತಯಾರಾಗಿರುತ್ತದೆ. ಇವು ಓಪನ್ ಬ್ಯಾಕ್, ಹಿಂಬದಿ ತೆರೆದವು. ಬಟ್ಟಲಿನ ಬೆನ್ನಿಗೆ ಮುಚ್ಚಳದ ಬದಲು ಜಾಲರಿ. ಒಳಗೆ ಗಾಳಿಯಾಡುತ್ತದೆ. ಸದ್ದು ತಲೆಯೊಳಗೆ ಕೂತು ಕುಟ್ಟದೆ ಸುತ್ತಲೂ ಹರಡಿಕೊಳ್ಳುತ್ತದೆ. ಒಂದೇ ತೊಂದರೆ, ಸೋರುತ್ತದೆ. ನಾನು ಕೇಳುವುದು ಹೊರಗಿನವರಿಗೆ, ಹೊರಗಿನವರ ಗಲಾಟೆ ನನಗೆ.

ಒಂದಕ್ಕೆ ದಿಂಬು ಎಂದು ಹೆಸರಿಟ್ಟೆ. ಮಖಮಲ್ಲಿನ ದಪ್ಪ ಮೆತ್ತೆ, ಆಳವಾದ ಬಟ್ಟಲು. ತಲೆಯ ಮೇಲಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಇನ್ನೊಂದು ಇಕ್ಕಳ. ತೆಳ್ಳಗೆ, ಚೂಪಾಗಿ, ನೋಡಲು ಜಾಣನ ಹಾಗಿದೆ. ಹಾಕಿಕೊಂಡರೆ ತಪ್ಪೊಪ್ಪಿಸುವವರ ಹಾಗೆ ಕಪಾಲ ಹಿಡಿಯುತ್ತದೆ.

ಯಜಮಾನರಿಗೆ ಒಂದು ಪುಟದ ವರದಿ ಸಾಕು. ಉಳಿದದ್ದನ್ನು ಇಲ್ಲಿ ನನಗಾಗಿ ಬರೆದುಕೊಳ್ಳುತ್ತೇನೆ.

ರಾತ್ರಿ ಊಟಕ್ಕೆ ಮುಂಚೆ ನನ್ನ ಪರೀಕ್ಷೆಯ ಮುದ್ರಣ ಹಾಕಿದೆ. ನಾನೇ ಎಂದೋ ಮಾಡಿಟ್ಟುಕೊಂಡದ್ದು: ಬೀಗದ ಕೈಗಳ ಗೊಂಚಲು, ಹರಿಯುವ ಕಾಗದ, ಲೋಟದಲ್ಲಿ ಚಮಚ, ಬೆಳಗಿನ ಜಾವದ ಒಂದು ಸಣ್ಣ ಹಕ್ಕಿ. ದಿಂಬಿನಲ್ಲಿ ಬೀಗದ ಕೈಗಳು ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಾಗೆ ಮಂಕು. ಇಕ್ಕಳ ತುಸು ವಾಸಿ, ಆದರೆ ಅದರಲ್ಲೂ ಹೊಳಪಿಲ್ಲ. ಈಗಿನವರು ಮಾಡುವುದೆಲ್ಲ ಹೀಗೇ, ಮೇಲೆ ಥಳುಕು, ಒಳಗೆ ಬುರುಡೆ.

ಒಂದು ಒಳ್ಳೆಯದೂ ಆಗಿದೆ. ಅತ್ತೆಯ ಕಿವಿ ಮಿಷನ್ನು ಈಚೆಗೆ ಸಿಳ್ಳೆ ಹೊಡೆಯುವುದನ್ನು ಬಿಟ್ಟಿದೆ. ಮೊದಲೆಲ್ಲ ಅವರು ತಲೆದಿಂಬಿಗೆ ಒರಗಿದರೆ ಸಾಕು, ಕುಯ್ಯೋ ಎನ್ನುತ್ತಿತ್ತು, “ಅತ್ತೆ, ಕೂಗ್ತಿದೆ!” ಎಂದು ನಾನೇ ಹೇಳಬೇಕಾಗುತ್ತಿತ್ತು. ಇವತ್ತು ಊಟದ ನಡುವೆ ಇವರು ಸುಮ್ಮಸುಮ್ಮನೆ “ಅಮ್ಮಾ, ಕೂಗ್ತಿದೆ” ಎಂದರು. ಪಾಪ, ದಿನವಿಡೀ ದಂತವೈದ್ಯರಿಗಾಗಿ ಹಲ್ಲಿನ ಸೆಟ್ಟು ಉಜ್ಜಿ ಉಜ್ಜಿ ಇವರ ಕಿವಿಯಲ್ಲೇ ಏನೋ ಗುಂಯ್‌ಗುಡುತ್ತಿರಬೇಕು.

ಸೆಪ್ಟೆಂಬರ್ ೪, ಬುಧವಾರ

ಇಕ್ಕಳವನ್ನು ಬೆಳಗ್ಗೆಯಿಂದ ಹಾಕಿಕೊಂಡಿದ್ದೆ. ಅದು ಕನ್ನಡಕದ ಕಡ್ಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಗೆರೆ ಮೂಡಿಸಿತು. ಸುಖ: ಸೊನ್ನೆಗಿಂತ ತುಸು ಮೇಲೆ.

ಸಂಜೆ ಇವರು ಅಡಿಗೆಮನೆಯಿಂದ, “ಜೇಬಲ್ಲಿ ಹುಳ ಇದೆ ನೋಡೇ” ಎಂದರು. ಗಾಬರಿಯಾಗಿ ಓಡಿಹೋಗಿ ಇವರ ಅಂಗಿಯ ಜೇಬಿಗೆ ಕೈಹಾಕಿದೆ. ಪ್ಯಾಂಟಿನ ಜೇಬನ್ನೂ ಹೊರಗೆಳೆದೆ. ಇವರು ಕೈಯಲ್ಲಿ ಅರ್ಧ ಕೊಯ್ದ ಸೇಬು ಹಿಡಿದು ಕಂಬದ ಹಾಗೆ ನಿಂತಿದ್ದರು.

“ಸೇಬು ಅಂದೆ ಕಣೇ. ಸೇಬು!”

“ಹಾಗಾದ್ರೆ ಸೇಬು ಅಂತ ಹೇಳ್ಬೇಕಪ್ಪ. ಜೇಬು ಅಂದ್ರೆ ನಾನೇನು ಮಾಡ್ಲಿ?”

ಅತ್ತೆ ನಗುತ್ತ ನಗುತ್ತ ಕೆಮ್ಮಿದರು. “ಹೋಗ್ಲಿ ಬಿಡೋ, ಜೇಬು ಗುಡಿಸಿದ ಹಾಗಾಯ್ತು” ಎಂದರು.

ಇಡೀ ದಿನ ಬೇರೆಯವರ ಹಲ್ಲು ಮಾಡುವ ಮನುಷ್ಯ ತನ್ನ ಹಲ್ಲು ಬಿಡಿಸಿ ಮಾತಾಡುವುದಿಲ್ಲ. ಮೊನ್ನೆಯೂ ಹಾಗೇ: ಸಾರಿಗೆ ಸೊಪ್ಪು ಹಾಕು ಎಂದರಂತೆ, ಉಪ್ಪು ಹಾಕು ಎಂದು ಗೊಣಗಿದರು, ಹಾಕಿದೆ. ತಿನ್ನಲಾಗಲಿಲ್ಲ. ತಪ್ಪು ಯಾರದು?

ಸೆಪ್ಟೆಂಬರ್ ೫, ಗುರುವಾರ

ದಿಂಬನ್ನು ಸ್ಟುಡಿಯೊಗೆ ಒಯ್ದೆ. ಸುಖದಲ್ಲಿ ಎದುರಿಲ್ಲ. ಆದರೆ ಸೋರುವಿಕೆ ವಿಪರೀತ. ಪಕ್ಕದ ಕೋಣೆಯ ಪಿಸುಮಾತು ಎದ್ದು ಬಂದು ಬಾಗಿಲಲ್ಲಿ ನಿಂತು ಏನೋ ಅಂದಳು. ಪಿಸುಮಾತು ಎಂದು ನಾನಿಟ್ಟ ಹೆಸರು. ನನ್ನ ಹಾಗೇ ಧ್ವನಿ ತಿದ್ದುವವಳು. ಮನೆಯಲ್ಲಿ ಮಗು ಮಲಗಿದೆಯೇನೋ ಎನ್ನುವ ಹಾಗೆ ಮಾತಾಡುತ್ತಾಳೆ.

“ಏನಮ್ಮಾ?”

ಅವಳು ಹತ್ತಿರ ಬಂದಳು. “ಅಕ್ಕಾ, ಸ್ವಲ್ಪ ಕಮ್ಮಿ ಇಟ್ಕೋತೀರಾ? ನೀವು ಕೇಳ್ತಿರೋ ಕಥೆ ನಂಗೂ ಪೂರ್ತಿ ಗೊತ್ತಾಗ್ಹೋಯ್ತು. ಗಂಡ ಕೊನೆಗೆ ವಾಪಸ್ ಬರ್ತಾನಲ್ಲ?”

ವರದಿಗೆ ಗುರುತು ಹಾಕಿಕೊಂಡೆ: ಜಾಲರಿ ಅಗತ್ಯಕ್ಕಿಂತ ದೊಡ್ಡದು.

ಸೆಪ್ಟೆಂಬರ್ ೮, ಭಾನುವಾರ

ಇವತ್ತು ಹಕ್ಕಿಯ ವಿಚಾರಣೆ.

ನನ್ನ ಪರೀಕ್ಷೆಯ ಮುದ್ರಣದ ಕೊನೆಯಲ್ಲಿ ಬರುವ ಹಕ್ಕಿ ಎರಡರಲ್ಲೂ ಇಲ್ಲ. ಮಂಕಾಗಿದೆ ಎಂದಲ್ಲ, ಇಲ್ಲವೇ ಇಲ್ಲ. ಬೆಳಗಿನ ಗಾಳಿಯ ಮಂದ ಸದ್ದಿದೆ, ದೂರದ ಗಾಡಿಯೊಂದಿದೆ, ಹಕ್ಕಿ ಮಾತ್ರ ಹಾರಿಹೋಗಿದೆ. ಊಟದ ಮೇಜಿನ ಮೇಲೆ ಎರಡನ್ನೂ ಇಟ್ಟುಕೊಂಡು ಒಂದಾದ ಮೇಲೆ ಒಂದು ಹಾಕಿಕೊಂಡು ಸದ್ದು ಏರಿಸುತ್ತ ಹೋದೆ. ಎದುರಿಗೆ ಅತ್ತೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಏನನ್ನೋ ಆಲಿಸಿ, “ಎಷ್ಟು ಚೆನ್ನಾಗಿ ಕೂಗ್ತಿದೆ ಅಲ್ವೇ?” ಎಂದರು.

ಹೆಡ್‌ಫೋನು ಜರುಗಿಸಿ, “ಯಾವುದು?” ಎಂದೆ.

“ಅದೇ, ನಿನ್ನ ಹಕ್ಕಿ. ಆ ಜಾಲರಿಯಿಂದ ಬರ್ತಿದೆಯಲ್ಲ. ಟ್ವೀ, ಟ್ವೀ, ಟ್ವಿಟ್ ಟ್ವಿಟ್.”

“ಅತ್ತೆ, ನಂಗೇ ಕೇಳಿಸ್ತಿಲ್ಲ. ನಿಮಗೆಲ್ಲಿಂದ ಕೇಳ್ಸುತ್ತೆ?”

ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಕೆಣಕಲು ಸಿಕ್ಕ ಇಷ್ಟು ಒಳ್ಳೆಯ ಅವಕಾಶವನ್ನು ಅತ್ತೆ ಕೈಬಿಟ್ಟದ್ದನ್ನು ನಾನು ಕಂಡಿಲ್ಲ. ಇವತ್ತು ಬಿಟ್ಟರು. “ಹೌದೇ? ನನ್ನ ಮಿಷನ್ನಿಗೆ ಭ್ರಮೆ ಇರ್ಬೇಕು” ಎಂದು ಮತ್ತೆ ಕಾಯಿ ಕೈಗೆತ್ತಿಕೊಂಡರು.

ಆಮೇಲೆ ಇಡೀ ದಿನ ನನ್ನ ತಂಟೆಗೆ ಬರಲಿಲ್ಲ. ಮಧ್ಯಾಹ್ನ ನನ್ನ ತಟ್ಟೆಗೆ ತಾವೇ ಬಡಿಸಿದರು. ಮೈ ಸರಿಯಿಲ್ಲವೋ ಏನೋ, ನಾಳೆ ವಿಚಾರಿಸಬೇಕು.

ಸೆಪ್ಟೆಂಬರ್ ೧೧, ಬುಧವಾರ

ವರದಿ ಕೊಟ್ಟೆ. “ದಿಂಬು ಸುಖವಾಗಿದೆ, ಆದರೆ ಕಿವುಡು. ಇಕ್ಕಳಕ್ಕೆ ಕಿವಿ ಇದೆ, ಆದರೆ ಅರ್ಧ. ಎರಡೂ ಬೇಡ.”

ಯಜಮಾನರು ಓದಿ ತಲೆ ಕೆರೆದುಕೊಂಡರು. “ಎರಡೂನಾ? ಬೇರೆ ಕಡೆಯೆಲ್ಲ ಜನ ಇವನ್ನ ಹೊಗಳ್ತಾರಲ್ಲ ಕಿವಿಯಮ್ಮಾ.”

“ಹೊಗಳೋರಿಗೆ ಕಿವಿ ಇಲ್ಲ ಸರ್” ಎಂದೆ.

ಅವರು ನಕ್ಕರು. ಅವರು ಮೊದಲು ಅಂದ ಮಾತು ಸರಿಯಾಗಿ ಕೇಳಿಸದೆ ಎರಡು ಸಲ ಕೇಳಬೇಕಾಯಿತು. ದೊಡ್ಡ ಮನುಷ್ಯರೂ ಗೊಣಗಲು ಕಲಿತುಬಿಟ್ಟಿದ್ದಾರೆ.

ಸೆಪ್ಟೆಂಬರ್ ೧೬, ಸೋಮವಾರ

ನಾನು “ಆಯಿತು” ಎಂದ ಪುಸ್ತಕ ಇವತ್ತು ವಾಪಸ್ ಬಂತು.

ಪ್ರಕಾಶಕರು ಕಳಿಸಿದ್ದಾರೆ. ಮೊದಲ ಅಧ್ಯಾಯಗಳ ಉದ್ದಕ್ಕೂ ಸಣ್ಣ ಸಿಳ್ಳೆಯಂಥ ಸದ್ದು ಇದೆಯಂತೆ, ಕೇಳಿದರೆ ಹಲ್ಲು ಜುಮ್ಮೆನ್ನುತ್ತದಂತೆ. ಯಜಮಾನರು ನನ್ನನ್ನೂ ಪಿಸುಮಾತನ್ನೂ ತಮ್ಮ ಕೋಣೆಗೆ ಕರೆದು ದೊಡ್ಡ ಸ್ಪೀಕರಿನಲ್ಲಿ ಹಾಕಿದರು. ಹಾಕಿದ ಕೂಡಲೇ ಪಿಸುಮಾತು ಮುಖ ಹಿಂಡಿದಳು. ಯಜಮಾನರು ಭುಜ ಕುಗ್ಗಿಸಿದರು.

ನಾನು ಕಿವಿ ನಿಮಿರಿಸಿ ಕೂತೆ. ಓದುವವರ ಧ್ವನಿ ಇತ್ತು. ಉಸಿರಿತ್ತು. “ಎಲ್ಲಿದೆ?” ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಈಗಲೂ ಬರ್ತಿದೆ ಅಕ್ಕಾ. ಪೂರ್ತಿ ಇದೆ” ಎಂದಳು ಅವಳು. ಓದುವ ಕೋಣೆಗೆ ಹಾಕಿಸಿದ ಹೊಸ ದೀಪದ್ದಂತೆ ಆ ಸದ್ದು.

“ಈ ಸ್ಪೀಕರ್ ಹಾಳಾಗಿದೆ” ಎಂದು ಎದ್ದು ಬಂದೆ.

ಸೆಪ್ಟೆಂಬರ್ ೧೭, ಮಂಗಳವಾರ

ತಲೆನೋವು ಎಂದು ಹೇಳಿ ಹೋಗಲಿಲ್ಲ.

ಸೆಪ್ಟೆಂಬರ್ ೧೮, ಬುಧವಾರ

ಇವತ್ತೂ ಹೋಗಲಿಲ್ಲ. ಕೋಣೆಯಲ್ಲಿ ಕೂತು ಇಕ್ಕಳದಲ್ಲಿ ಬೀಗದ ಕೈಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. ಆಮೇಲೆ ನಿಜವಾದ ಗೊಂಚಲನ್ನೇ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದೆ. ಅದೂ ಮಂಕಾಗಿತ್ತು. ಅದನ್ನು ಯಾವ ಕಂಪನಿಯವರು ಮಾಡಿದ್ದೋ.

ಅತ್ತೆ ಬಾಗಿಲು ತಟ್ಟದೆ ಒಳಗೆ ಬಂದರು. ತಟ್ಟಿದ್ದರಂತೆ.

“ಮೊನ್ನೆ ನಿಂಗೆ ಹಕ್ಕಿ ಕೇಳ್ಲಿಲ್ಲ ಅಲ್ವೇನೇ?”

ನಾನು ಗೊಂಚಲನ್ನು ಇನ್ನೊಮ್ಮೆ ಅಲ್ಲಾಡಿಸಿದೆ.

“ನಂಗೂ ಹೀಗೇ ಶುರುವಾಗಿದ್ದು. ಊರಿನವರೆಲ್ಲ ಬಾಯೊಳಗೇ ಮಾತಾಡೋಕೆ ಶುರುಮಾಡಿದ್ರು. ನಿಮ್ಮ ಮಾವನನ್ನ ಬೈದೆ. ಫೋನಿನವರನ್ನ ಬೈದೆ. ಬಾಗಿಲ ಗಂಟೆ ಕೆಟ್ಟಿದೆ ಅಂತ ಎರಡು ಸಲ ಬದಲಾಯಿಸ್ದೆ.”

“ಅತ್ತೆ, ನನ್ನ ಕಿವಿ ಬಗ್ಗೆ ನೀವು ಹೇಳೋದಾ? ಇಡೀ ಸ್ಟುಡಿಯೊ ನನ್ನ ಕಿವಿ ಮೇಲೆ ನಿಂತಿದೆ!”

ಜೋರಾಗಿಯೇ ಅಂದೆ. ಅವರು ಮಂಚದ ತುದಿಯಲ್ಲಿ ಕೂತು ಸೆರಗಿನಿಂದ ಇಕ್ಕಳದ ಮೇಲಿನ ಧೂಳು ಒರೆಸಿದರು. “ಅದಕ್ಕೇ ಪಾಪ, ಸುಸ್ತಾಗಿದೆ” ಎಂದರು.

ಗೊಂಚಲನ್ನು ಮತ್ತೆ ಮೊಳೆಗೆ ಸಿಕ್ಕಿಸಿದೆ.

ಸೆಪ್ಟೆಂಬರ್ ೨೦, ಶುಕ್ರವಾರ

ಬೆಳಗ್ಗೆ ಅತ್ತೆ, “ನನ್ನ ಮಿಷನ್ನು ಗೊರಗೊರ ಅಂತಿದೆ, ಕಿವಿ ಪರೀಕ್ಷೆಯವರ ಹತ್ರ ಕರ್ಕೊಂಡು ಹೋಗು” ಎಂದು ಹಟ ಹಿಡಿದರು. ಹೇಗೂ ಮನೆಯಲ್ಲಿದ್ದೆ, ಹೊರಟೆ. ಅಲ್ಲಿ ಬಿಳಿ ಕೋಟಿನ ಮನುಷ್ಯ ಬಾಗಿಲು ತೆರೆದು ಬನ್ನಿ ಅಜ್ಜಿ ಎಂದ. ಅತ್ತೆ ಕೂತಲ್ಲಿಂದ ಕದಲದೆ ನನ್ನ ಕಡೆ ಬೆರಳು ತೋರಿಸಿದರು.

“ನಂದು ಗಟ್ಟಿಮುಟ್ಟಾಗಿದೆ. ಇವಳದು ನೋಡಿ.”

“ಅತ್ತೆ!”

“ಕಿರುಚಬೇಡ್ವೇ. ನಂಗೆ ಕೇಳ್ಸುತ್ತೆ.”

ಕಾಯುತ್ತ ಕೂತವರೆಲ್ಲ ನೋಡುತ್ತಿದ್ದರು. ಜಗಳ ಆಡಿದರೆ ಇನ್ನೂ ಹೆಚ್ಚು ನೋಡುತ್ತಾರೆ. ಒಳಗೆ ಹೋದೆ.

ಸಣ್ಣ ಗಾಜಿನ ಪೆಟ್ಟಿಗೆಯಂಥ ಕೋಣೆ. ಒಂದು ಹೆಡ್‌ಫೋನು ಕೊಟ್ಟ: ಮುಚ್ಚಿದ ಜಾತಿ, ಮೆತ್ತೆ ಸೀಳಿದೆ, ಪಟ್ಟಿ ಬಿಗಿ. “ಇದಕ್ಕಿಂತ ಒಳ್ಳೇದು ಇಟ್ಕೊಳ್ಳಬಾರದಾ?” ಎಂದು ಬುದ್ಧಿ ಹೇಳಿದೆ. ಅವನು ತಾಳ್ಮೆಯಿಂದ ನಕ್ಕು ಕೈಗೊಂದು ಗುಂಡಿ ಕೊಟ್ಟ. “ಎಷ್ಟೇ ಸಣ್ಣ ಸದ್ದಾದ್ರೂ ಕೇಳಿದ ತಕ್ಷಣ ಒತ್ತಿ ಅಮ್ಮ.”

ಒತ್ತಿದೆ. ದಪ್ಪ ಸದ್ದುಗಳು, ನಡುವಿನವು, ಒಂದನ್ನೂ ಬಿಡದೆ ಒತ್ತಿದೆ. ಪರೀಕ್ಷೆಯಲ್ಲಿ ನನ್ನನ್ನು ಹಿಂದೆ ಹಾಕಿದವರಿಲ್ಲ. ಆಮೇಲೆ ಸದ್ದು ನಿಂತಿತು. ಮುಗಿಯಿತೆಂದುಕೊಂಡು ಕಾದೆ. ಅವನು ಬಾಗಿಲು ತೆರೆಯಲಿಲ್ಲ. ತಲೆಯೆತ್ತಿ ಗಾಜಿನ ಆಚೆ ನೋಡಿದೆ.

ಅವನ ಬೆರಳು ತನ್ನ ಯಂತ್ರದ ಗುಂಡಿಯನ್ನು ಒತ್ತುತ್ತಲೇ ಇತ್ತು. ಒತ್ತಿ ಬಿಡುತ್ತಿತ್ತು, ಒತ್ತಿ ಬಿಡುತ್ತಿತ್ತು. ನನ್ನ ಕಿವಿಯಲ್ಲಿ ಏನೂ ಇರಲಿಲ್ಲ.

ನಾನು ಅವನ ಬೆರಳು ನೋಡಿಕೊಂಡು ಗುಂಡಿ ಒತ್ತಬಹುದಿತ್ತು. ಒಂದು ಸಲ ಒತ್ತಿಯೂ ಒತ್ತಿದೆ. ಅವನು ನನ್ನ ಕಣ್ಣು ನೋಡಿ ತನ್ನ ಕುರ್ಚಿಯನ್ನು ಮೆಲ್ಲಗೆ ಆಚೆ ತಿರುಗಿಸಿದ.

ರಸ್ತೆ ದಾಟುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಸಾಮಾನ್ಯವಾಗಿ ನಾನು ಅವರದನ್ನು ಹಿಡಿಯುವುದು.

ಸೆಪ್ಟೆಂಬರ್ ೨೧, ಶನಿವಾರ

ಕಿವಿಯಮ್ಮನಂತೆ ಕಿವಿಯಮ್ಮ.

ಸೆಪ್ಟೆಂಬರ್ ೨೩, ಸೋಮವಾರ

ಇವರಿಗೆ ಹೇಳಿದೆ. ಆಶ್ಚರ್ಯಪಡುತ್ತಾರೆ, ಸಮಾಧಾನ ಹೇಳಬೇಕಾಗುತ್ತದೆ ಎಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ಇವರು ಹಲ್ಲಿನ ಅಚ್ಚನ್ನು ಬೆಳಕಿಗೆ ಹಿಡಿದು ನೋಡುತ್ತ, “ಗೊತ್ತು” ಎಂದರು.

“ಗೊತ್ತಾ? ಯಾವಾಗಿಂದ?”

“ಜೇಬಿಗೆ ಕೈ ಹಾಕಿದಾಗಿಂದ. ಅದಕ್ಕೂ ಮುಂಚಿಂದ ಅಂತಿಟ್ಕೋ. ನಾನೀಗ ಅಂಗಡಿಯಲ್ಲೂ ಕೂಗಿ ಮಾತಾಡ್ತೀನಿ. ತರಕಾರಿಯವನು ಯಾಕ್ ಸರ್ ಬೈತೀರಾ ಅಂತಾನೆ.”

“ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳ್ದೆನಲ್ಲ. ನಿಂಗೆ ಕೇಳ್ಲಿಲ್ಲ.”

ನಗು ಬಂತು, ಅಳುವೂ ಬಂತು. ಯಾವುದು ಮೊದಲು ಬಂದಿತೋ.

ಸ್ಟುಡಿಯೊದಲ್ಲಿ ಹೇಗೆ ಹೇಳುವುದು? ಕುಂಟುವ ಓಟಗಾರ್ತಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೇಳದೆ ತೇಲಿಸಿದರೆ ಎಷ್ಟು ದಿನ? ಅತ್ತೆಯನ್ನು ಕೇಳಿದೆ. ಅವರ ಸಲಹೆ ಕೇಳಿದ್ದು ಬಹುಶಃ ಇದೇ ಮೊದಲು. ಅವರಿಗೂ ಹಾಗನ್ನಿಸಿತು, ಎದ್ದು ಕನ್ನಡಕ ಹಾಕಿಕೊಂಡು ಬಂದು ಕೂತರು.

“ಅವ್ರಾಗೇ ಪತ್ತೆ ಹಚ್ಚಿದ್ರೆ ಕದ್ದು ಸಿಕ್ಕಿಬಿದ್ದ ಹಾಗಾಗುತ್ತೆ. ನೀನೇ ಹೇಳಿದ್ರೆ ಬರೀ ಸುದ್ದಿ. ಮೊದಲು ಮಿಷನ್ನು ಹಾಕ್ಸ್ಕೋ. ಹಾಕ್ಸ್ಕೊಂಡು ಹೋಗಿ ಹೇಳು. ಬರಿಗಿವೀಲಿ ಹೋಗ್ಬೇಡ.”

ಸೆಪ್ಟೆಂಬರ್ ೨೭, ಶುಕ್ರವಾರ

ಎರಡು ಕಿವಿಗೂ ಮಿಷನ್ನು ಬಂದಿದೆ. ಕಿವಿಯ ಹಿಂದೆ ಕಡಲೆಕಾಯಿಯಷ್ಟು ದೊಡ್ಡದು. ಅತ್ತೆಯದು ಹಳೆಯದು, ಇದರ ಮುಂದೆ ಬದನೆಕಾಯಿ. ಅವರಿಗೆ ಹೊಟ್ಟೆಕಿಚ್ಚು, ಮುಚ್ಚಿಡಲೂ ಇಲ್ಲ.

ಪ್ರಪಂಚ ಇಷ್ಟು ಗಲಾಟೆಯದು ಎಂದು ಮರೆತಿದ್ದೆ. ನನ್ನ ಸೀರೆಯೇ ಸರಸರ ಅಂತಿದೆ. ಫ್ರಿಜ್ಜು ಹಾಡುತ್ತದೆ. ನಲ್ಲಿ ತೊಟ್ಟಿಕ್ಕುತ್ತದೆ, ಎಷ್ಟು ದಿನದಿಂದಲೋ. ಇವರು ಊಟ ಮಾಡುವ ಸದ್ದನ್ನು ಮಾತ್ರ ವಾಪಸ್ ಕೊಡಲು ಬರುತ್ತದೆಯೇ ಎಂದು ವಿಚಾರಿಸಬೇಕು.

ರಾತ್ರಿ ಅತ್ತೆ ತಲೆದಿಂಬಿಗೆ ಒರಗಿದರು. ಕುಯ್ಯೋ ಎಂದಿತು.

“ಅತ್ತೆ, ಕೂಗ್ತಿದೆ!” ಎಂದೆ.

“ಅಬ್ಬ, ಬಂದ್ಯಾ?” ಎಂದರು ಅತ್ತೆ.

ಸೆಪ್ಟೆಂಬರ್ ೩೦, ಸೋಮವಾರ

ದಿಂಬು ಮತ್ತು ಇಕ್ಕಳದ ಮರುವಿಚಾರಣೆ. ಈ ಸಲ ನ್ಯಾಯಾಧೀಶರು ಇಬ್ಬರು, ನಾನು ಮತ್ತು ಅತ್ತೆ, ಊಟದ ಮೇಜಿನ ಆಚೆ ಈಚೆ.

ಇಕ್ಕಳ ಹಾಕಿಕೊಂಡ ಕೂಡಲೇ ಕಿವಿಯ ಹಿಂದಿನ ಮಿಷನ್ನನ್ನು ಮೂಳೆಗೆ ಒತ್ತಿ ಹಿಡಿಯಿತು. ಅತ್ತೆಯದನ್ನಂತೂ ಕೂಗಿಸಿಯೇಬಿಟ್ಟಿತು. “ತೆಗಿಯೇ ಇದನ್ನ, ಕಿವಿ ಹಿಂಡ್ತಿದೆ, ನಾನೇನು ತಪ್ಪು ಮಾಡ್ದೆ?” ಎಂದರು. ಆದರೆ ಸದ್ದು! ಬೀಗದ ಕೈಗಳು ಒಂದೊಂದೂ ಬೇರೆ ಬೇರೆ. ಕಾಗದ ಹರಿದರೆ ಅದರ ನಾರು ಬಿಟ್ಟುಕೊಳ್ಳುವುದು ಕೂಡ ಕೇಳುತ್ತದೆ. ಎಲ್ಲ ಚುರುಕು, ಎಲ್ಲ ಎದುರಿಗೆ. ಸ್ವಲ್ಪ ಹೊತ್ತಿಗೆ ಆ ಚುರುಕೇ ದಣಿಸುತ್ತದೆ, ಎಲ್ಲ ಗೊತ್ತಿರುವವರ ಪಕ್ಕ ಬಸ್ಸಿನಲ್ಲಿ ಕೂತ ಹಾಗೆ.

ದಿಂಬಿನ ಬಟ್ಟಲು ಆಳವಾಗಿರುವುದರಿಂದ ಮಿಷನ್ನಿಗೂ ಜಾಗವಿದೆ, ಕನ್ನಡಕಕ್ಕೂ ಇದೆ, ಇನ್ನೂ ಏನಾದರೂ ಇದ್ದರೆ ಅದಕ್ಕೂ ಇದೆ. ಎಲ್ಲೂ ಒತ್ತದೆ ಇರುವುದರಿಂದ ಮಿಷನ್ನು ಕೂಗುವುದಿಲ್ಲ. ಸದ್ದು ಮೆದು, ತುದಿಗಳು ಸ್ವಲ್ಪ ದುಂಡಗೆ, ಆದರೆ ಓದುವವರ ಗಂಟಲು ಬೆಚ್ಚಗೆ ಹತ್ತಿರ ಬಂದು ಕೂರುತ್ತದೆ. ಒಂದಕ್ಕೆ ಕಿವುಡು, ಇನ್ನೊಂದಕ್ಕೆ ಅರ್ಧ ಕಿವಿ ಎಂದು ಬರೆದುಕೊಟ್ಟಿದ್ದೆ. ಕ್ಷಮೆ ಕೇಳೋಣವೆಂದರೆ ಅವಕ್ಕೆ ಕಿವಿಯಿಲ್ಲ.

ಕೊನೆಗೆ ಹಕ್ಕಿ ಬಂತು. ನನಗೆ ನೆನಪಿದ್ದ ಹಕ್ಕಿ ಅಲ್ಲ. ತುಸು ತಗಡಿನದು, ಎಲ್ಲೋ ಡಬ್ಬಿಯೊಳಗಿಂದ ಕೂಗಿದ ಹಾಗೆ. ಮೊದಲಿನ ಹಾಗೆ ಕೇಳುವುದಿಲ್ಲ ಎಂದು ಪರೀಕ್ಷೆಯವನು ಮೊದಲೇ ಹೇಳಿದ್ದ. ಆದರೂ ಹಕ್ಕಿಯೇ. ಅತ್ತೆ ನನ್ನ ಮುಖ ನೋಡುತ್ತಿದ್ದರು. ಬೆರಳೆತ್ತಿ ತೋರಿಸಿದೆ, ಬಂತು ಎಂದು. ಅವರು ತಲೆಯಾಡಿಸಿದರು. ಆಮೇಲೆ ಇನ್ನೊಂದು ಸಲ ಹಾಕಿಕೊಂಡು ಇಬ್ಬರೂ ಕೇಳಿದೆವು.

ಅಕ್ಟೋಬರ್ ೩, ಗುರುವಾರ

ಹೇಳಿಬಿಟ್ಟೆ. ಯಜಮಾನರ ಕೋಣೆಗೆ ಹೋಗಿ ಕೂದಲು ಸರಿಸಿ ಮಿಷನ್ನು ತೋರಿಸಿದೆ.

“ಯಾವಾಗಿಂದ?” ಎಂದರು.

“ಗೊತ್ತಿಲ್ಲ ಸರ್. ಗೊತ್ತಾಗ್ದೇ ಬರೋದೇ ಇದರ ಗುಣವಂತೆ. ಆ ಪುಸ್ತಕದ ಸಿಳ್ಳೆ ನಂಗೆ ಕೇಳ್ಲೇ ಇಲ್ಲ. ಸ್ಪೀಕರ್ ಹಾಳಾಗಿರ್ಲಿಲ್ಲ.”

ಅವರು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಆ ಟಿಕ್ ಟಿಕ್ ನನಗೆ ಚೆನ್ನಾಗಿ ಕೇಳುತ್ತಿತ್ತು. “ಮೇಡಂ” ಎಂದರು. ಕಿವಿಯಮ್ಮಾ ಎನ್ನಲಿಲ್ಲ. ಅದೂ ಚೆನ್ನಾಗಿ ಕೇಳಿಸಿತು.

“ಮೇಡಂ, ಕೊನೇ ಪರಿಶೀಲನೆ ಇನ್ನು ನಿಮ್ಮ ಕೈಲಿ ಬಿಡೋಕಾಗಲ್ಲ. ಪಕ್ಕದ ಕೋಣೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ. ಓದಿಸೋದು, ತಿದ್ದೋದು ನಿಮ್ಮದೇ. ಓದುವವರು ಅರ್ಥ ತಪ್ಪಿದ್ರೆ ಹಿಡಿಯೋರು ನಿಮ್ಮಷ್ಟು ಯಾರೂ ಇಲ್ಲಿಲ್ಲ.”

ಬೇಜಾರು ಮಾಡಿಕೊಂಡೆ. ಇನ್ನು ನನ್ನ “ಆಯಿತು” ಆದಮೇಲೆ ಇನ್ನೊಬ್ಬರ “ಆಯಿತು” ಇರುತ್ತದೆ. ಅವರು ಹೇಳಿದ್ದು ನ್ಯಾಯವೇ. ನ್ಯಾಯವಾದರೆ ನೋಯುವುದಿಲ್ಲ ಎಂದು ಯಾರು ಹೇಳಿದರು?

ಮನೆಗೆ ಬಂದು ಅತ್ತೆಗೆ ಹೇಳಿದೆ. “ಕಳಿಸ್ಲಿಲ್ವಲ್ಲ” ಎಂದರು. ಆಮೇಲೆ, “ಆ ಪಕ್ಕದ ಕೋಣೆಯವಳು ಹೇಗೆ, ಸೊಕ್ಕಿನವಳಾ?” ಎಂದು ಕೇಳಿದರು, ಜಗಳಕ್ಕೆ ತಯಾರಾದವರ ಹಾಗೆ.

ಅಕ್ಟೋಬರ್ ೯, ಬುಧವಾರ

ಬರೆದಿಡಲೇಬೇಕಾದ ವಿಷಯ: ಪಿಸುಮಾತು ಪಿಸುಗುಟ್ಟುವುದೇ ಇಲ್ಲ. ಗಂಟಲೆಂದರೆ ಗಂಟಲು, ಮೂರು ಕೋಣೆ ಆಚೆಗೂ ಮುಟ್ಟುತ್ತದೆ. ಜೊತೆಗೆ ಕೆಲಸ ಮಾಡುತ್ತ ಏನೋ ಗುನುಗುತ್ತಾಳೆ, ಅದಕ್ಕೆ ರಾಗವೂ ಇಲ್ಲ, ಕೊನೆಯೂ ಇಲ್ಲ. ಇಷ್ಟು ದಿನ ನಾನು ಎಷ್ಟು ಸುಖಿಯಾಗಿದ್ದೆ!

ಇವತ್ತು ನಾನು ತಿದ್ದಿದ ಅಧ್ಯಾಯವನ್ನು ವಾಪಸ್ ತಂದಳು. “ಅಕ್ಕಾ, ಇಲ್ಲೊಂದು ಕಡೆ ‘ಸ’ ಸ್ವಲ್ಪ ಸೀಟಿ ಹೊಡೀತಿದೆ, ತೆಗೀಲಾ?” ಅನುಮತಿ ಕೇಳಬೇಕಾದ್ದೇನೂ ಇರಲಿಲ್ಲ. ಕೇಳಿದಳು.

ಅವಳ ಅಧ್ಯಾಯ ನಾನು ಕೇಳಿದೆ. ಒಂದು ಕಡೆ ಓದುವವರು ತಪ್ಪು ಜಾಗದಲ್ಲಿ ಉಸಿರು ತೆಗೆದುಕೊಂಡು, ಸತ್ತವನನ್ನು ಬದುಕಿಸಿ ಬದುಕಿದ್ದವನನ್ನು ಸಾಯಿಸಿಬಿಟ್ಟಿದ್ದರು. ತೋರಿಸಿದೆ. ಅವಳು ತಲೆ ಚಚ್ಚಿಕೊಂಡು ನಕ್ಕಳು. ಹೊಟ್ಟೆಯಿಂದ ಬರುವ ನಗು. ಮಗಳಿಗೆ ಎರಡು ವರ್ಷವಂತೆ, ಇನ್ನೂ ಮಾತು ಬಂದಿಲ್ಲವೆಂದು ಅವಳಿಗೆ ಚಿಂತೆ. ಇಷ್ಟು ದಿನ ಪಕ್ಕದ ಕೋಣೆಯಲ್ಲೇ ಕೂತವಳು, ಇದೊಂದೂ ನನಗೆ ಗೊತ್ತೇ ಇರಲಿಲ್ಲ. ಹಿಂದೆ ಹೇಳಿದ್ದಳೋ ಏನೋ.

ಹೊಸ ವರದಿ ಕೊಟ್ಟೆ: ದಿನವಿಡೀ ಕೂರುವವರಿಗೆಲ್ಲ ದಿಂಬು. ಕೊನೆಯ ಪರಿಶೀಲನೆಗೆ ಒಂದು ಇಕ್ಕಳ, ಅದು ಅವಳಿಗೆ. ಅವಳ ತಲೆ ಸಣ್ಣದು, ತಡೆದುಕೊಳ್ಳುತ್ತದೆ.

“ಇದೇ ಖಚಿತವಾ ಕಿವಿಯಮ್ಮಾ?” ಎಂದರು ಯಜಮಾನರು.

ಬಾಯಿ ತಪ್ಪಿ ಬಂದಿತೋ, ಬೇಕೆಂದೇ ಅಂದರೋ. ನಾನು ಕೇಳಿಸದವಳ ಹಾಗೆ, “ಏನಂದ್ರಿ?” ಎಂದೆ. ಇನ್ನೊಂದು ಸಲ ಅಂದರು.

ಅಕ್ಟೋಬರ್ ೧೩, ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ಮಿಷನ್ನು ಕಳಚಿ ಒಂದೇ ಡಬ್ಬಿಯಲ್ಲಿ ಒಣಗಲು ಇಟ್ಟು ಬಿಸಿಲಿಗೆ ಕುರ್ಚಿ ಹಾಕಿಕೊಂಡೆವು. ಎಂಥ ಶಾಂತಿ! ಮಿಷನ್ನಿಲ್ಲದ ಬಡಪಾಯಿಗಳಿಗೆ ಇದು ಸಿಗುವುದಿಲ್ಲ.

ಇವರು ಬಂದು ಎದುರಿಗೆ ನಿಂತು ಬಹಳ ಹೊತ್ತು ಮೆಲ್ಲಗೆ ಬಾಯಿ ಆಡಿಸಿದರು. ಕೈಯನ್ನೂ ಆಡಿಸಿದರು. ಕೊನೆಗೆ ಉತ್ತರಕ್ಕೆ ಕಾಯುವವರ ಹಾಗೆ ನಿಂತರು. ಅತ್ತೆ ತಲೆಯಾಡಿಸಿದರು, ನಾನೂ ಆಡಿಸಿದೆ. ಇವರು ಮುಖ ಅರಳಿಸಿಕೊಂಡು ಒಳಗೆ ಹೋದರು.

“ಏನಂದ?” ಎಂದು ಅತ್ತೆ ಕಿವಿಯ ಹತ್ತಿರ ಬಾಗಿ ಕೂಗಿದರು.

“ಗೊತ್ತಿಲ್ಲ! ನೀವು ಆಡಿಸಿದ್ರಿ ಅಂತ ನಾನೂ ಆಡಿಸ್ದೆ!”

“ನಿಂಗೆ ಕೇಳ್ಸಿರುತ್ತೆ ಅಂತ ನಾನು ಆಡಿಸ್ದೆ!”

ನಗು ತಡೆಯಲಾಗಲಿಲ್ಲ. ಅಕ್ಕಪಕ್ಕದವರಿಗೆಲ್ಲ ಕೇಳಿರಬೇಕು.

ಅಕ್ಟೋಬರ್ ೧೮, ಶುಕ್ರವಾರ

ತಲೆಯಾಡಿಸಿದ್ದು ಯಾವುದಕ್ಕೆಂದು ಇವತ್ತು ತಿಳಿಯಿತು.

ಇವರಿಗೆ ಚಿಕ್ಕಂದಿನಿಂದ ಹಾಡು ಕಲಿಯುವ ಆಸೆಯಿತ್ತಂತೆ. ನನಗೆ ಒಂದು ದಿನವೂ ಹೇಳಿದವರಲ್ಲ. ಅಥವಾ ಹೇಳಿದ್ದರೋ. ಮನೆಯಲ್ಲಿ ಧ್ವನಿಯ ವಿಷಯ ತಿಳಿದವಳು ನಾನಿದ್ದೇನೆ, ನಗುತ್ತೇನೆ ಎಂದು ಸಂಕೋಚವಂತೆ. ಮೊನ್ನೆ ಧೈರ್ಯ ಮಾಡಿ, ಮೇಷ್ಟ್ರೊಬ್ಬರನ್ನು ಮನೆಗೇ ಕರೆಸಿ ಕಲಿಯಲೇ ಎಂದು ಕೇಳಿದ್ದರಂತೆ. ನಾವಿಬ್ಬರೂ ಸಂತೋಷದಿಂದ ಒಪ್ಪಿದೆವಂತೆ.

ಸಂಜೆ ಮೇಷ್ಟ್ರು ಬಂದು ಸರಿಗಮ ಹಿಡಿಸಿ ಹೋದರು. ಅವರು ಹೋದಮೇಲೆ ಇವರು ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಕಡೆ ನೋಡದೆ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಸ್ವರ ಮೆಟ್ಟಿಲು ಇಳಿಯುವ ಮುದುಕರ ಹಾಗೆ ತಡಕಾಡಿತು. ಮೇಲೆ ಹೋಗಬೇಕಾದಲ್ಲಿ ಪಕ್ಕಕ್ಕೆ ಹೋಯಿತು. ಸ್ಟುಡಿಯೊದಲ್ಲಾಗಿದ್ದರೆ ಮೊದಲಿನಿಂದ ಕೊನೆಯವರೆಗೆ ಕತ್ತರಿಸಿ ಎಸೆಯುತ್ತಿದ್ದೆ.

ಅತ್ತೆಯ ಕೈ ಮೆಲ್ಲಗೆ ಕಿವಿಯ ಹಿಂದಕ್ಕೆ ಹೋಯಿತು. ಕಳಚುತ್ತಾರೆ ಎಂದುಕೊಂಡೆ. ಸದ್ದು ಏರಿಸಿಕೊಂಡರು.

ಇವರು ನಿಲ್ಲಿಸಿ ಹಣೆ ಒರೆಸಿಕೊಂಡು, “ಹೇಗಿತ್ತು?” ಎಂದರು. ಮೆಲ್ಲಗೇ ಅಂದರು, ಕೇಳಿಸದಿದ್ದರೂ ಆಯಿತು ಎನ್ನುವ ಹಾಗೆ.

“ಇನ್ನೊಂದ್ಸಲ” ಎಂದೆ. ಕೇಳಿಸದೆ ಅಂದದ್ದಲ್ಲ.